ಚಪ್ಪಾಳೆ ಇತ್ತು, ಮರ್ಯಾದೆ ಇರಲಿಲ್ಲ

ಕೇಳುಗರಿಗೆ ನಮಸ್ಕಾರ.

ಹತ್ತೊಂಬತ್ತನೇ ಶತಮಾನದ ಅಮೆರಿಕದಲ್ಲಿ ಜನ ನಾಟಕಕ್ಕೆ ಮುಗಿಬೀಳುತ್ತಿದ್ದರು. ಆದರೆ ನಟರಿಗೆ ಚಪ್ಪಾಳೆ ಸಿಗುತ್ತಿತ್ತು, ಮರ್ಯಾದೆ ಸಿಗುತ್ತಿರಲಿಲ್ಲ. ಇವತ್ತು ನಾನು ಹೇಳಬೇಕಾದದ್ದು ಇದೊಂದೇ.

ನಾಟಕಶಾಲೆ ಅಂದರೆ ಪಾಪದ ಜಾಗ ಅಂತ ಎಷ್ಟೋ ಪಾದ್ರಿಗಳು ಬೈಯುತ್ತಿದ್ದರು. ಅಲ್ಲಿ ಹೆಂಡ ಮಾರುತ್ತಿದ್ದರು, ಮೇಲಿನ ಅಟ್ಟಣೆಯಲ್ಲಿ ವೇಶ್ಯೆಯರು ಕೂರುತ್ತಿದ್ದರು, ನಿಜ. 1811ರಲ್ಲಿ ರಿಚ್ಮಂಡ್ ನಾಟಕಶಾಲೆಗೆ ಬೆಂಕಿ ಬಿದ್ದು 72 ಜನ ಸತ್ತಾಗ, ಇದು ದೇವರ ಶಿಕ್ಷೆ ಅಂತ ಸಾರಿದವರೂ ಇದ್ದರು. ಇದರಲ್ಲಿ ನಟರ ತಪ್ಪೇನು ಹೇಳಿ?

ಜಾರ್ಜ್ ಹಾಲೆಂಡ್ ಅವರ ಕಥೆ ಕೇಳಿ. 40 ವರ್ಷಕ್ಕೂ ಜಾಸ್ತಿ ಕಾಲ ಅಮೆರಿಕದ ಜನರನ್ನು ನಗಿಸಿದ ಹಾಸ್ಯನಟ. 1870ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ತೀರಿಕೊಂಡರು. ಅವರ ಗೆಳೆಯ, ದೊಡ್ಡ ನಟ ಜೋಸೆಫ್ ಜೆಫರ್ಸನ್, ಹಾಲೆಂಡರ ಮಗನನ್ನು ಕರೆದುಕೊಂಡು ಒಬ್ಬ ಪಾದ್ರಿಯ ಹತ್ತಿರ ಹೋದರು. ಅಂತ್ಯಕ್ರಿಯೆಯ ಪ್ರಾರ್ಥನೆ ನಡೆಸಿಕೊಡಿ ಅಂತ ಕೇಳಿದರು. ಸತ್ತವರು ನಟರು ಅಂತ ಗೊತ್ತಾದದ್ದೇ ತಡ, ಪಾದ್ರಿಯ ಮುಖ ಬದಲಾಯಿತು. ನಮ್ಮ ಚರ್ಚಿನಲ್ಲಿ ಆಗುವುದಿಲ್ಲ ಅಂದುಬಿಟ್ಟರು. ಮಗ ಎದುರಿಗೇ ನಿಂತಿದ್ದ. ಅವನ ಕಣ್ಣು ತುಂಬಿ ಬಂತು. ಬೇರೆ ಚರ್ಚ್ ಇದೆಯಾ ಅಂತ ಜೆಫರ್ಸನ್ ಕೇಳಿದಾಗ, ಪಾದ್ರಿ ಹೇಳಿದರು: ಮೂಲೆಯಲ್ಲಿ ತಿರುಗಿದರೆ ಒಂದು ಸಣ್ಣ ಚರ್ಚ್ ಇದೆ, ಅಲ್ಲಿ ಮಾಡಬಹುದು. ಹಾಗಾದರೆ ಆ ಸಣ್ಣ ಚರ್ಚಿಗೆ ದೇವರು ಒಳ್ಳೆಯದು ಮಾಡಲಿ ಅಂದರು ಜೆಫರ್ಸನ್.

ಅದು 29ನೇ ಬೀದಿಯ ಚರ್ಚ್ ಆಫ್ ದಿ ಟ್ರಾನ್ಸ್‌ಫಿಗರೇಶನ್. ಪಾದ್ರಿ ಜಾರ್ಜ್ ಹೌಟನ್ ಮರುಮಾತಿಲ್ಲದೆ ಒಪ್ಪಿದರು. ಸುದ್ದಿ ಪತ್ರಿಕೆಗಳಲ್ಲಿ ಬಂತು, ಲೇಖಕ ಮಾರ್ಕ್ ಟ್ವೇನ್ ಸಿಟ್ಟಿನಿಂದ ಬರೆದರು. ಅಂದಿನಿಂದ ಅದು ನಟರ ಚರ್ಚ್ ಆಯಿತು. ಬದುಕಿದ್ದಾಗ ಚಪ್ಪಾಳೆ, ಸತ್ತಾಗ ಬಾಗಿಲು ಬಂದ್! ಇದು ನ್ಯಾಯವೇ?

ಸಮಯ ಕಡಿಮೆ ಇದೆ, ಬೇಗ ಹೇಳುತ್ತೇನೆ. ಬಾಸ್ಟನ್ನಿನಲ್ಲಿ, ನ್ಯೂಯಾರ್ಕಿನಲ್ಲಿ ಮ್ಯೂಸಿಯಂ ನಡೆಸುವವರು ಅದರೊಳಗಿನ ನಾಟಕಶಾಲೆಗೆ ಉಪನ್ಯಾಸದ ಕೋಣೆ ಅಂತ ಹೆಸರಿಟ್ಟರು. ಆಗ ಮರ್ಯಾದಸ್ಥರ ಸಂಸಾರಗಳೂ ಬಂದು ನಾಟಕ ನೋಡಿದವು. ಹೆಸರು ಬದಲಾಯಿಸಿದರೆ ಸಾಕಿತ್ತು!

ಇನ್ನು ಆ ಕಾಲದ ಹೆಸರಾಂತ ನಟ ಎಡ್ವಿನ್ ಬೂತ್. 1865ರಲ್ಲಿ ಅವರ ತಮ್ಮ ಅಧ್ಯಕ್ಷ ಲಿಂಕನ್ನರನ್ನು ಕೊಂದ. ಎಡ್ವಿನ್ ರಂಗ ಬಿಟ್ಟರು. ಮರುವರ್ಷದ ಜನವರಿಯಲ್ಲಿ ಹ್ಯಾಮ್ಲೆಟ್ ಆಗಿ ಮರಳಿದಾಗ ಜನ ಎದ್ದು ನಿಂತು ಸ್ವಾಗತಿಸಿದರು. ಚಪ್ಪಾಳೆಗೆ ಅವರಿಗೆ ಎಂದೂ ಕೊರತೆ ಇರಲಿಲ್ಲ. ಅವರಿಗೆ ಬೇಕಿದ್ದದ್ದು ಇನ್ನೊಂದು. 1888ರಲ್ಲಿ ನ್ಯೂಯಾರ್ಕಿನ ಗ್ರಾಮರ್ಸಿ ಪಾರ್ಕಿನಲ್ಲಿ ತಾವು ಕೊಂಡ ಮನೆಯನ್ನೇ ಪ್ಲೇಯರ್ಸ್ ಅನ್ನುವ ಕ್ಲಬ್ಬಿಗೆ ಕೊಟ್ಟರು. ನಟರು ಅಲ್ಲಿ ಲೇಖಕರು, ವ್ಯಾಪಾರಿಗಳ ಜೊತೆ ಒಂದೇ ಮೇಜಿನಲ್ಲಿ ಕೂತು ಊಟ ಮಾಡಬಹುದಿತ್ತು.