ಕ್ರಾಸ್‌ಮಗ್ಲೆನ್ ರೇಂಜರ್ಸ್: ಗಡಿಯಂಚಿನ ಊರಿನ ಆಟದ ಬಯಲು

ಕೇಳುಗರಿಗೆ ನಮಸ್ಕಾರ.

ಚೆಂಡನ್ನು ಕಾಲಿನಿಂದ ಒದೆಯುವುದಲ್ಲದೆ ಕೈಯಲ್ಲಿ ಹಿಡಿದು ಓಡಲೂ ಅವಕಾಶವಿರುವ ಗೇಲಿಕ್ ಫುಟ್‌ಬಾಲ್ ಐರ್ಲೆಂಡಿನ ಸ್ವಂತ ಆಟ. 1884ರಲ್ಲಿ ಥರ್ಲ್ಸ್ ಪಟ್ಟಣದಲ್ಲಿ ಸ್ಥಾಪನೆಯಾದ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್ ಈ ಆಟವನ್ನು ನಡೆಸುತ್ತ ಬಂದಿದೆ. ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಹಳ್ಳಿಗಳ ಗುಂಪಾದ ಪ್ಯಾರಿಷ್ ಇದರ ತಳಹದಿ. ಆಟಗಾರರಿಗೆ ಸಂಬಳವಿಲ್ಲ, ಹುಟ್ಟಿ ಬೆಳೆದ ಊರಿನ ತಂಡಕ್ಕೇ ಕೊನೆಯವರೆಗೂ ಆಡುವುದು ಅಲ್ಲಿನ ವಾಡಿಕೆ.

ಇಂಥ ಕ್ಲಬ್ಬುಗಳಲ್ಲಿ ನನ್ನ ಮನಸ್ಸನ್ನು ಹೆಚ್ಚು ಹಿಡಿದಿಟ್ಟಿರುವುದು 1887ರಲ್ಲಿ ಆರಂಭವಾದ ಕ್ರಾಸ್‌ಮಗ್ಲೆನ್ ರೇಂಜರ್ಸ್. ಬ್ರಿಟನ್ನಿನ ಆಳ್ವಿಕೆಗೆ ಸೇರಿದ ಉತ್ತರ ಐರ್ಲೆಂಡಿನ ಆರ್ಮಾ ಕೌಂಟಿಯ, ಅಂದರೆ ಜಿಲ್ಲೆಯ, ದಕ್ಷಿಣ ಭಾಗದಲ್ಲಿ, ಐರ್ಲೆಂಡ್ ಗಣರಾಜ್ಯದ ಗಡಿಗೆ ಅಂಟಿಕೊಂಡಂತಿರುವ ಊರು ಅದು. 1970ರ ದಶಕದ ಆರಂಭದಲ್ಲಿ, ಬ್ರಿಟಿಷ್ ಆಳ್ವಿಕೆ ಇರಬೇಕೇ ಬೇಡವೇ ಎಂಬ ವಿಚಾರದಲ್ಲಿ ಹಿಂಸಾಚಾರ ಉಲ್ಬಣಿಸಿದ್ದ ದಿನಗಳಲ್ಲಿ, ಮೈದಾನದ ಪಕ್ಕದಲ್ಲಿದ್ದ ಪೊಲೀಸ್ ಠಾಣೆಯು ಬ್ರಿಟಿಷ್ ಸೇನೆಯ ನೆಲೆಯಾಗಿ ಬೆಳೆದು, ಕ್ಲಬ್ಬಿನ ಜಮೀನಿನ ಒಂದು ಭಾಗವೂ ಸೇನೆಯ ವಶವಾಯಿತು. ಒಂದು ಕಡೆ ಕಾವಲುಗೋಪುರ, ತಲೆಯ ಮೇಲೆ ಮಾತು ಕೇಳಿಸದಂತೆ ಅಬ್ಬರಿಸುವ ಹೆಲಿಕಾಪ್ಟರ್, ಕೆಳಗೆ ಚೆಂಡಿನ ಹಿಂದೆ ಓಡುವ ಹುಡುಗರು. ಒಂದಿಡೀ ಪೀಳಿಗೆ ಆಟ ಕಲಿತದ್ದು ಹೀಗೆ. ಕ್ಲಬ್ಬಿನವರು ತಮ್ಮ ನೆಲಕ್ಕಾಗಿ ವರ್ಷಗಟ್ಟಲೆ ಹೋರಾಡಿದರು. ಆದರೆ ಬಯಲು ಬಿಟ್ಟು ಬೇರೆಡೆಗೆ ಹೋಗಲಿಲ್ಲ. ಅವರು ಗೆದ್ದ ಪ್ರಶಸ್ತಿಗಳಿಗಿಂತ ಈ ಛಲವೇ ದೊಡ್ಡದೆಂದು ನಾನು ಭಾವಿಸುತ್ತೇನೆ.

ಪ್ರಶಸ್ತಿಗಳೂ ಕಡಿಮೆಯೇನಲ್ಲ. ಊರಿನವರೇ ಆದ ಜೋ ಕೆರ್ನನ್ ತರಬೇತಿಯಲ್ಲಿ ತಂಡವು 1997ರಲ್ಲಿ ಮೇಯೋ ಕೌಂಟಿಯ ನಾಕ್‌ಮೋರ್ ತಂಡವನ್ನು ಸೋಲಿಸಿ ಅಖಿಲ ಐರ್ಲೆಂಡ್ ಕ್ಲಬ್ ಪ್ರಶಸ್ತಿಯನ್ನು ಪಡೆಯಿತು. 1999 ಮತ್ತು 2000ರಲ್ಲಿ ಅದನ್ನು ಮತ್ತೆ ಗೆದ್ದಿತು. ಆರ್ಮಾ ಕೌಂಟಿಯ ಪ್ರಶಸ್ತಿಯಂತೂ 1996ರಿಂದ 2008ರವರೆಗೆ ಸತತ 13 ವರ್ಷ ಈ ಒಂದೇ ಕ್ಲಬ್ಬಿನ ಪಾಲಾಯಿತು.

2002ರಲ್ಲಿ ಇದೇ ಕೆರ್ನನ್ ಮಾರ್ಗದರ್ಶನದಲ್ಲಿ ಆರ್ಮಾ ಕೌಂಟಿ ತಂಡ ಮೊಟ್ಟಮೊದಲ ಬಾರಿಗೆ ಅಖಿಲ ಐರ್ಲೆಂಡ್ ಚಾಂಪಿಯನ್ ಆಯಿತು. ಕೆರಿ ಕೌಂಟಿಯ ಎದುರಿನ ಆ ಫೈನಲ್‌ನ ಮೊದಲಾರ್ಧದಲ್ಲಿ ಕ್ರಾಸ್‌ಮಗ್ಲೆನ್‌ನ ಓಶೀನ್ ಮಕಾನ್‌ವಿಲ್ ಹೊಡೆದ ಪೆನಾಲ್ಟಿಯನ್ನು ಗೋಲ್‌ಕೀಪರ್ ತಡೆದಿದ್ದರು. ಅದರಿಂದ ಎದೆಗುಂದದ ಅವರು ದ್ವಿತೀಯಾರ್ಧದಲ್ಲಿ ಚೆಂಡನ್ನು ಬಲೆಗೆ ಸೇರಿಸಿದರು. ಒಂದು ಗೋಲಿಗೆ ಮೂರು ಅಂಕ. ಆರ್ಮಾ ಗೆದ್ದದ್ದು ಒಂದೇ ಅಂಕದಿಂದ.

ಸೇನೆಯ ಹಿಡಿತದಲ್ಲಿದ್ದ ಜಮೀನನ್ನು ಮರಳಿಸುವ ನಿರ್ಧಾರ ಪ್ರಕಟವಾದದ್ದು ಆ ಹಿಂಸಾಚಾರವನ್ನು ಕೊನೆಗಾಣಿಸಲು ಆದ 1998ರ ಶಾಂತಿ ಒಪ್ಪಂದದ ಮರುವರ್ಷ, 1999ರಲ್ಲಿ. ಸೇನೆ ಆ ಊರಿನಿಂದ ಪೂರ್ತಿಯಾಗಿ ಹೊರಟದ್ದು 2007ರಲ್ಲಿ. ಅದೇ ವರ್ಷ ಕೆರಿಯ ಡಾಕ್ಟರ್ ಕ್ರೋಕ್ಸ್ ತಂಡವನ್ನು ಮರುಪಂದ್ಯದಲ್ಲಿ ಮಣಿಸಿದ ರೇಂಜರ್ಸ್ ನಾಲ್ಕನೆಯ ಅಖಿಲ ಐರ್ಲೆಂಡ್ ಕ್ಲಬ್ ಪ್ರಶಸ್ತಿಯನ್ನು ಊರಿಗೆ ತಂದರು. 2011 ಮತ್ತು 2012ರಲ್ಲಿ ಇನ್ನೆರಡು ಸೇರಿ, ಒಟ್ಟು ಆರಾದವು.