ನರಗುಂದದ ಸವಳು, ಸೆರೆಸ್‌ನ ಬಿಳಿ ಕಲೆ

(ದೃಶ್ಯ: ನರಗುಂದದ ಬಳಿಯ ಎರೆ ಹೊಲ, ಕಪ್ಪು ಮಣ್ಣಿನ ಮೇಲೆ ಬಿಳಿ ಪದರ)

ಮಲಪ್ರಭಾ ಕಾಲುವೆಯ ನೀರುಂಡ ನರಗುಂದ, ನವಲಗುಂದದ ಕಡೆಯ ಹೊಲಗಳಲ್ಲಿ ಬೇಸಿಗೆಯಲ್ಲಿ ಓಡಾಡಿದವರಿಗೆ ಈ ಬಿಳಿ ಪದರ ಹೊಸದಲ್ಲ. ನೆಲದಡಿಯ ನೀರು ಉಪ್ಪನ್ನು ಕರಗಿಸಿಕೊಂಡು ಮೇಲೇರುತ್ತದೆ. ಬಿಸಿಲಿಗೆ ನೀರು ಆರಿಹೋದ ಮೇಲೆ ಉಪ್ಪು ಮಾತ್ರ ಉಳಿಯುತ್ತದೆ. ರೈತರು ಇದಕ್ಕೆ ಸವಳು ಎನ್ನುತ್ತಾರೆ. ಸೂರ್ಯನಿಂದ ಸುಮಾರು 41 ಕೋಟಿ ಕಿಲೋಮೀಟರ್ ದೂರದಲ್ಲಿರುವ ಸೆರೆಸ್ ಎಂಬ ಕುಬ್ಜ ಗ್ರಹದ ಮೇಲೂ ಇಂಥದೇ ಒಂದು ಸವಳು ಇದೆ. ಅದನ್ನು ಗುರುತಿಸಿದ್ದು ಆ ನೆಲಕ್ಕೆ ಒಮ್ಮೆಯೂ ಇಳಿಯದ ನೌಕೆ.

(ದೃಶ್ಯ: ಡಾನ್ ನೌಕೆಯ ಪಯಣದ ನಕ್ಷೆ)

ನಾಸಾದ ಡಾನ್ ನೌಕೆ 2007ರ ಸೆಪ್ಟೆಂಬರ್ 27ರಂದು ಹೊರಟು, ದಾರಿಯಲ್ಲಿ ವೆಸ್ಟಾ ಎಂಬ ಕ್ಷುದ್ರಗ್ರಹವನ್ನು ವರ್ಷಕ್ಕೂ ಹೆಚ್ಚು ಕಾಲ ಸುತ್ತಿ, 2015ರ ಮಾರ್ಚ್ 6ರಂದು ಸೆರೆಸ್‌ನ ಕಕ್ಷೆ ಸೇರಿತು. ಝೆನಾನ್ ಅಯಾನುಗಳನ್ನು ಚಿಮ್ಮುವ ಅದರ ಎಂಜಿನ್ನಿನ ನೂಕುಬಲ ಅಂಗೈ ಮೇಲಿಟ್ಟ ಒಂದೆರಡು ಕಾಗದದ ಹಾಳೆಗಳ ಭಾರದಷ್ಟೇ. ಆದರೆ ಅದು ತಿಂಗಳುಗಟ್ಟಲೆ ಬಿಡದೆ ನೂಕುತ್ತಿತ್ತು.

ಹತ್ತಿರವಾಗುತ್ತಿದ್ದಂತೆ ನೌಕೆಯ ಕ್ಯಾಮೆರಾಗೆ ಕಂಡದ್ದು ಇದ್ದಿಲಿನಂಥ ಮಬ್ಬು ನೆಲದ ನಡುವೆ ಹೊಳೆಯುವ ಎರಡು ಚುಕ್ಕೆಗಳು. ಅವು 92 ಕಿಲೋಮೀಟರ್ ಅಗಲದ, ಎಂದರೆ ಹುಬ್ಬಳ್ಳಿಯಿಂದ ಗದಗಕ್ಕೆ ಹೋಗುವ ದಾರಿಗಿಂತಲೂ ಹೆಚ್ಚು ಅಗಲವಾದ, ಆಕೇಟರ್ ಎಂಬ ಕುಳಿಯಲ್ಲಿದ್ದವು. ಸೆರೆಸ್ ರೋಮನ್ನರ ಬೆಳೆಯ ದೇವತೆಯಾದ್ದರಿಂದ ಅಲ್ಲಿನ ಕುಳಿಗಳಿಗೆಲ್ಲ ಒಕ್ಕಲುತನದ ದೇವತೆಗಳ ಹೆಸರಿಟ್ಟಿದ್ದಾರೆ. ಆಕೇಟರ್ ಹರಗುವ ಕೆಲಸದ ದೇವರು. ಕುಂಟೆ ಹೊಡೆದವರಿಗೆ ಬೇರೆ ವಿವರಣೆ ಬೇಡ. ಇನ್ನೊಂದು ದೊಡ್ಡ ಕುಳಿಯ ಹೆಸರು ಉರ್ವರಾ. ಫಲವತ್ತಾದ ನೆಲಕ್ಕೆ ನಾವೂ ಬಳಸುವ ಪದವದು.

(ದೃಶ್ಯ: ಆಕೇಟರ್ ಕುಳಿಯ ಸಮೀಪ ಚಿತ್ರ)

ಆ ಬಿಳುಪು ಹಿಮವಿರಬಹುದೆಂದು ಹಲವರು ಮೊದಲು ಊಹಿಸಿದ್ದರು. ಪ್ರತಿ ಖನಿಜವೂ ಸೂರ್ಯನ ಬೆಳಕಿನ ಕೆಲವು ತರಂಗಾಂತರಗಳನ್ನು ಹೀರಿಕೊಂಡು ಉಳಿದದ್ದನ್ನು ಹಿಂತಿರುಗಿಸುತ್ತದೆ; ಹೀಗೆ ಹಿಂತಿರುಗಿದ ಅವರಕ್ತ ಬೆಳಕನ್ನು ನೌಕೆಯ ರೋಹಿತಮಾಪಕ ಓದಿದಾಗ ಸೋಡಿಯಂ ಕಾರ್ಬೊನೇಟ್‌ನ ಗುರುತು ಸಿಕ್ಕಿತು. ನಮ್ಮ ಮನೆಗಳಲ್ಲಿ ಬಟ್ಟೆ ತೊಳೆಯಲು ಬಳಸುವ ಸೋಡಾ ಅದೇ.

ಸೆರೆಸ್ ಮೇಲೆ ಕಾಲುವೆಯೂ ಇಲ್ಲ, ನೀರನ್ನು ಆರಿಸುವ ಬಿಸಿಲೂ ಇಲ್ಲ. ಸುಮಾರು 2 ಕೋಟಿ ವರ್ಷಗಳ ಹಿಂದೆ ಒಂದು ಬಂಡೆ ಬಡಿದು ಕುಳಿಯಾದಾಗ ಹಿಮ ಕರಗಿತು, ನೆಲ ಆಳದವರೆಗೆ ಬಿರುಕು ಬಿಟ್ಟಿತು. ಆ ಬಿರುಕುಗಳಿಂದ ಮೇಲೆ ಬಂದ ಉಪ್ಪುನೀರು ಗಾಳಿಯೇ ಇಲ್ಲದ ಬಯಲಿನಲ್ಲಿ ಆವಿಯಾಗಿ ಹೋಗಿ ಉಪ್ಪನ್ನು ಉಳಿಸಿತು. ಬಡಿತದ ಕಾವು ಎಂದೋ ಆರಿದ್ದರೂ ಕೆಲವು ಬಿಳಿ ಪದರಗಳ ವಯಸ್ಸು 20 ಲಕ್ಷ ವರ್ಷಕ್ಕೂ ಕಡಿಮೆಯೆಂಬುದು ನನಗೆ ಎಲ್ಲಕ್ಕಿಂತ ಸೋಜಿಗವೆನಿಸುತ್ತದೆ. ಹಾಗಾದರೆ ನೀರು ಬಂದದ್ದು ಎಲ್ಲಿಂದ?

(ದೃಶ್ಯ: ಸೆರೆಸ್‌ನ ಒಳಪದರಗಳ ರೇಖಾಚಿತ್ರ)

2018ರಲ್ಲಿ ಡಾನ್ ಕೇವಲ 35 ಕಿಲೋಮೀಟರ್ ಎತ್ತರಕ್ಕೆ ಇಳಿದು ಆಕೇಟರ್ ಮೇಲೆ ಹಾರಿತು. ನೆಲದಡಿ ಎಲ್ಲಿ ದಟ್ಟವಾಗಿದೆಯೋ ಅಲ್ಲಿ ಸೆಳೆತ ತುಸು ಹೆಚ್ಚುತ್ತದೆ, ನೌಕೆಯ ವೇಗ ಬದಲಾಗುತ್ತದೆ, ಭೂಮಿಗೆ ಬರುವ ರೇಡಿಯೋ ಸಂಕೇತ ಅದನ್ನು ಬಿಟ್ಟುಕೊಡುತ್ತದೆ. ಆ ಲೆಕ್ಕದಿಂದ ಕುಳಿಯ ಕೆಳಗೆ ಸುಮಾರು 40 ಕಿಲೋಮೀಟರ್ ಆಳದಲ್ಲಿ, ನೂರಾರು ಕಿಲೋಮೀಟರ್ ಹರಡಿರುವ ಉಪ್ಪುನೀರಿನ ಸಂಗ್ರಹವಿದೆ ಎಂಬ ತೀರ್ಮಾನವನ್ನು ವಿಜ್ಞಾನಿಗಳು 2020ರಲ್ಲಿ ಪ್ರಕಟಿಸಿದರು. ಅದೇ ವರ್ಷ ಅಲ್ಲಿ ನೀರಿನಂಶವಿರುವ ಅಡುಗೆ ಉಪ್ಪೂ ಪತ್ತೆಯಾಯಿತು. ಅದು ಕೆಲವು ನೂರು ವರ್ಷಗಳಲ್ಲೇ ಒಣಗಿಹೋಗಬೇಕಾದ ಪದಾರ್ಥವಾದ್ದರಿಂದ, ನೀರು ಈಗಲೂ ಜಿನುಗುತ್ತಿರಬಹುದು.

ದಿಕ್ಕು ತಿದ್ದಿಕೊಳ್ಳುವ ಇಂಧನ ಮುಗಿದು 2018ರ ನವೆಂಬರ್ 1ರಂದು ಡಾನ್ ಕಾರ್ಯಾಚರಣೆ ಮುಕ್ತಾಯವಾಯಿತು. ಅಲ್ಲಿ ನೀರಿರುವ ಕಾರಣಕ್ಕೇ, ಭೂಮಿಯ ಸೂಕ್ಷ್ಮಜೀವಿಗಳು ಆ ಉಪ್ಪಿಗೆ ತಗಲದಿರಲೆಂದು, ನೌಕೆಯನ್ನು ನೆಲಕ್ಕೆ ಬೀಳಿಸದೆ ಕನಿಷ್ಠ 20 ವರ್ಷ ಸುತ್ತುತ್ತಲೇ ಇರುವ ಕಕ್ಷೆಯಲ್ಲಿ ಬಿಟ್ಟಿದ್ದಾರೆ.