ಒಂದು ಪೋಸ್ಟಾಫೀಸಿನ ಹೆಸರಿಗೆ ದೇಶದ ಕಾನೂನು! ಅಮೆರಿಕದಲ್ಲಿ ಹೀಗ್ಯಾಕೆ?

[ದೃಶ್ಯ: ಕ್ಯಾಲಿಫೋರ್ನಿಯಾ ನಕ್ಷೆ, ಟೆಮೆಕ್ಯುಲಾ ಮೇಲೆ ಗುರುತು]

ಕ್ಯಾಲಿಫೋರ್ನಿಯಾದ ಟೆಮೆಕ್ಯುಲಾ ಅನ್ನೋ ಊರಿನ ಪೋಸ್ಟಾಫೀಸಿಗೆ ಒಬ್ಬ ಪಂಜಾಬಿಯ ಹೆಸರಿದೆ. ದಲೀಪ್ ಸಿಂಗ್ ಸೌಂದ್. 1920ರಲ್ಲಿ ಓದೋಕೆ ಅಂತ ಅಮೆರಿಕಕ್ಕೆ ಹೋದವರು. ಬರ್ಕ್ಲಿಯಲ್ಲಿ ಗಣಿತದಲ್ಲಿ ಪಿಎಚ್‌ಡಿ ಮಾಡಿದ್ರು, ಆದ್ರೆ ಹೊಟ್ಟೆಪಾಡಿಗೆ ಹಿಡಿದದ್ದು ಬೇಸಾಯ. ಭಾರತೀಯರಿಗೆ ಅಲ್ಲಿನ ಪೌರತ್ವದ ಬಾಗಿಲು ತೆರೆದದ್ದೇ 1946ರಲ್ಲಿ. ಅದಾಗಿ ಹತ್ತು ವರ್ಷಕ್ಕೆ, 1956ರ ಚುನಾವಣೆ ಗೆದ್ದು ಸೌಂದ್ ಅಮೆರಿಕದ ಕಾಂಗ್ರೆಸ್‌ಗೆ, ಅಂದ್ರೆ ಅಲ್ಲಿನ ಸಂಸತ್ತಿಗೆ ಹೋದ್ರು. ಅಲ್ಲಿಗೆ ಆರಿಸಿ ಬಂದ ಮೊದಲ ಭಾರತೀಯ ಮೂಲದವರು ಅವರೇ.

2005ರಲ್ಲಿ ಅವರ ಹೆಸರನ್ನ ಆ ಪೋಸ್ಟಾಫೀಸಿಗೆ ಇಡೋಕೆ ಎರಡೂ ಸದನ ಮಸೂದೆ ಪಾಸ್ ಮಾಡ್ಬೇಕಾಯ್ತು. ಆಮೇಲೆ ಅಧ್ಯಕ್ಷ ಬುಷ್ ಸಹಿ!

[ದೃಶ್ಯ: ಮಸೂದೆಯ ಪುಟ, ಸಾಲುಗಳು ಒಂದೊಂದಾಗಿ]

ಇಂಥ ಮಸೂದೆ ಓದೋಕೆ ಒಂದು ನಿಮಿಷವೂ ಬೇಡ. ಇಂಥ ರಸ್ತೆಯ ಇಂಥ ನಂಬರಿನ ಅಂಚೆ ಕಟ್ಟಡಕ್ಕೆ ಇನ್ಮೇಲೆ ಇಂಥವರ ಹೆಸರು. ಸರ್ಕಾರದ ಕಾನೂನು, ನಕ್ಷೆ, ದಾಖಲೆಗಳಲ್ಲಿ ಆ ಕಟ್ಟಡದ ಪ್ರಸ್ತಾಪ ಎಲ್ಲೇ ಬಂದ್ರೂ ಈ ಹೆಸರಲ್ಲೇ ಓದ್ಕೋಬೇಕು. ಮುಗೀತು.

ಇದನ್ನ ಮಂಡಿಸೋದು ಸಾಮಾನ್ಯವಾಗಿ ಆ ಕ್ಷೇತ್ರದ ಸದಸ್ಯರು. ಕೆಳಮನೆಯ ಸಮಿತಿಯಲ್ಲಿ ಬಹುಕಾಲದಿಂದ ಒಂದು ಪದ್ಧತಿ ಇದೆ: ಆ ರಾಜ್ಯದ ಎಲ್ಲ ಸದಸ್ಯರೂ ಮಸೂದೆಗೆ ಕೈಜೋಡಿಸಬೇಕು. 2019ರ ಸೆಪ್ಟೆಂಬರ್‌ನಲ್ಲಿ ಹ್ಯೂಸ್ಟನ್ ಹತ್ರ ವಾಹನ ತಪಾಸಣೆ ಮಾಡ್ತಿದ್ದಾಗ ಸಂದೀಪ್ ಸಿಂಗ್ ಧಾಲಿವಾಲ್ ಅನ್ನೋ ಪೊಲೀಸ್ ಅಧಿಕಾರಿಯನ್ನ ಗುಂಡಿಟ್ಟು ಕೊಂದ್ರು. ಪೇಟ, ಗಡ್ಡದ ಸಮೇತ ಯೂನಿಫಾರ್ಮ್ ಹಾಕೋಕೆ 2015ರಲ್ಲಿ ಅನುಮತಿ ಪಡೆದಿದ್ದವರು ಅವರು. ಅವರ ಹೆಸರನ್ನ ಪೋಸ್ಟಾಫೀಸಿಗೆ ಇಡೋ ಮಸೂದೆ ಬಂದಾಗ, ಹ್ಯೂಸ್ಟನ್ ಇರೋ ಟೆಕ್ಸಸ್ ರಾಜ್ಯಕ್ಕೆ ಕೆಳಮನೆಯಲ್ಲಿ 36 ಸೀಟು. ಬೇರೆ ವಿಷಯಕ್ಕೆ ಮುಖ ಕೊಟ್ಟು ಮಾತಾಡದ ಎರಡು ಪಕ್ಷದವರು ಇದಕ್ಕೆ ಒಟ್ಟಾಗಬೇಕು! 2020ರ ಡಿಸೆಂಬರ್‌ನಲ್ಲಿ ಅದು ಕಾನೂನಾಯ್ತು. ಹ್ಯೂಸ್ಟನ್‌ನ ಆಡಿಕ್ಸ್ ಹೋವೆಲ್ ರಸ್ತೆಯ ಪೋಸ್ಟಾಫೀಸಿಗೆ ಈಗ ಅವರದೇ ಹೆಸರು.

ಸರಿ, ಹೆಸರಿಟ್ಟ ಮೇಲೆ ಏನು ಬದಲಾಗುತ್ತೆ? ಒಳಗಿನ ಗೋಡೆಗೆ ಒಂದು ಫಲಕ ಬರುತ್ತೆ. ಒಂದು ಸಣ್ಣ ಸಮಾರಂಭ, ಮನೆಯವರ ಜೊತೆ ಫೋಟೋ. ವಿಳಾಸ ಅದೇ, ಪಿನ್‌ಕೋಡ್ ಥರದ ಅವರ ಜಿಪ್ ಕೋಡೂ ಅದೇ. ನಮ್ಮಲ್ಲಿ 2014ರ ನವೆಂಬರ್ 1ರಿಂದ ಬ್ಯಾಂಗಲೋರ್ ಹೋಗಿ ಬೆಂಗಳೂರು ಆದಾಗ ಬೋರ್ಡಿನಿಂದ ಹಿಡಿದು ಲೆಟರ್‌ಹೆಡ್‌ವರೆಗೆ ಬದಲಾಯಿಸಬೇಕಾಯ್ತಲ್ಲ, ಆ ತಲೆನೋವು ಇಲ್ಲಿಲ್ಲ.

[ದೃಶ್ಯ: ಐದು ಕಡತ, ಒಂದರ ಮೇಲೆ ಅಂಚೆ ಮುದ್ರೆ]

ಈಗ ಆಡ್ಕೊಳ್ಳೋವ್ರ ಮಾತು. ಕಾಂಗ್ರೆಸ್‌ನ ಕೆಲವು ಅವಧಿಗಳಲ್ಲಿ ಪಾಸಾದ ಕಾನೂನುಗಳಲ್ಲಿ ಹೆಚ್ಚುಕಮ್ಮಿ ಐದಕ್ಕೊಂದು ಪೋಸ್ಟಾಫೀಸಿನ ಹೆಸರಿಂದು. 'ಇವ್ರಿಗೆ ಬೇರೆ ಕೆಲಸ ಇಲ್ವಾ' ಅಂತ ಅಲ್ಲಿನ ಜನಾನೂ ಕೇಳ್ತಾರೆ. ಆದ್ರೆ ಇವಕ್ಕೆ ಹಿಡಿಯೋ ಹೊತ್ತು ತೀರಾ ಕಮ್ಮಿ. ಕೆಳಮನೆಯಲ್ಲಿ ಚರ್ಚೆಗೆ ಹೆಚ್ಚೆಂದ್ರೆ 40 ನಿಮಿಷ, ಮೂರನೇ ಎರಡರಷ್ಟು ಬೆಂಬಲ ಇದ್ರೆ ಪಾಸ್. ಮೇಲ್ಮನೆಯಲ್ಲಿ ಯಾರೂ ತಕರಾರು ಎತ್ತದಿದ್ರೆ ಅದೂ ಇಲ್ಲ. ನನ್ನ ಕೇಳಿದ್ರೆ, ಐದಕ್ಕೊಂದು ಅನ್ನೋ ಲೆಕ್ಕ ತೋರಿಸೋದು ಹೆಸರಿಡೋ ಹುಚ್ಚನ್ನಲ್ಲ, ಮಿಕ್ಕ ಮಸೂದೆಗಳು ಎಷ್ಟು ಕಮ್ಮಿ ದಡ ಸೇರ್ತವೆ ಅನ್ನೋದನ್ನ.

ಹೊಬೊಕೆನ್ ಊರಲ್ಲಿ ಅಲ್ಲೇ ಹುಟ್ಟಿದ ಗಾಯಕ ಫ್ರಾಂಕ್ ಸಿನಾಟ್ರಾ ಹೆಸರಿನ ಪೋಸ್ಟಾಫೀಸಿದೆ. ಅಂಥ ಹೆಸರಿಗೆ ಯಾರು ಬೇಡ ಅಂತಾರೆ? ಜಗಳ ಆಗೋ ಹೆಸರೂ ಇವೆ. 2016ರಲ್ಲಿ ವಿನ್‌ಸ್ಟನ್-ಸೇಲಂನಲ್ಲಿ ಕವಯಿತ್ರಿ ಮಾಯಾ ಏಂಜೆಲೊ ಹೆಸರಿಗೆ 371 ಮತ ಬಿತ್ತು, ವಿರುದ್ಧ 9. ಅವರಿಗೆ ಕಮ್ಯುನಿಸ್ಟರ ಬಗ್ಗೆ ಒಲವಿತ್ತು ಅನ್ನೋದು ವಿರೋಧಿಸಿದವರಲ್ಲೊಬ್ಬರ ಆಕ್ಷೇಪ. ಹಾಗೂ ಪಾಸಾಯ್ತು.

ಮಾಡೆಲ್ ಶಿರೆಕ್ ಅವರಿಗೆ ಆ ಅದೃಷ್ಟ ಇರ್ಲಿಲ್ಲ. ಬರ್ಕ್ಲಿ ನಗರಸಭೆಯಲ್ಲಿ ಇಪ್ಪತ್ತು ವರ್ಷ ಸದಸ್ಯೆಯಾಗಿದ್ದ ಕಪ್ಪು ಮಹಿಳೆ. 2005ರಲ್ಲಿ ಅವರಿಗೆ 94 ವರ್ಷ. ಊರಿನ ಪೋಸ್ಟಾಫೀಸಿಗೆ ಅವರ ಹೆಸರಿಡೋಣ ಅಂತ ಆ ಕ್ಷೇತ್ರದ ಸದಸ್ಯೆ ಬಾರ್ಬರಾ ಲೀ ಮಸೂದೆ ತಂದ್ರು. ಬೇರೆ ರಾಜ್ಯವಾದ ಅಯೋವಾದ ಸದಸ್ಯ ಸ್ಟೀವ್ ಕಿಂಗ್ ಎದ್ದುನಿಂತು ಶಿರೆಕ್ ಅವರ ಎಡಪಂಥೀಯ ನಂಟನ್ನ ಮುಂದಿಟ್ಟು ವಿರೋಧಿಸಿದ್ರು. ಪರ 190, ವಿರುದ್ಧ 215. ಮಸೂದೆ ಬಿದ್ದುಹೋಯ್ತು.

[ದೃಶ್ಯ: ಬರ್ಕ್ಲಿಯ ಹಳೇ ಸಿಟಿ ಹಾಲ್]

ಎರಡು ವರ್ಷ ಆದ್ಮೇಲೆ ಬರ್ಕ್ಲಿಯವರು ತಮ್ಮ ಹಳೇ ಸಿಟಿ ಹಾಲ್‌ಗೇ ಶಿರೆಕ್ ಹೆಸರಿಟ್ರು. ಅದು ಊರಿನದೇ ಕಟ್ಟಡ. ಅಯೋವಾದವರನ್ನ ಕೇಳೋ ಅಗತ್ಯ ಇರ್ಲಿಲ್ಲ.